ದೀಪ ದೊಡ್ಡದು ಮಾಡುವುದು

ನನ್ನ ಫೋನಿನಲ್ಲಿ ಗ್ಯಾಸ್ ಒಲೆಯ ಫೋಟೋಗಳು ಎಷ್ಟಿವೆ ಎಂದು ಮಾತ್ರ ಕೇಳಬೇಡಿ. ಬೇರೆಯವರ ಫೋನಿನಲ್ಲಿ ಮಕ್ಕಳಿರುತ್ತಾರೆ, ಬೆಕ್ಕು ಇರುತ್ತದೆ, ಹೋದ ವಾರ ತಿಂದ ಬಿರಿಯಾನಿ ಇರುತ್ತದೆ. ನನ್ನದರಲ್ಲಿ ಇರುವುದು ಬಂದ್ ಮಾಡಿದ ಒಲೆ, ಬಂದ್ ಮಾಡಿದ ಗೀಸರ್ ಸ್ವಿಚ್ಚು, ಪ್ಲಗ್ಗಿನಿಂದ ಕಿತ್ತು ನೆಲದ ಮೇಲಿಟ್ಟ ಇಸ್ತ್ರಿಪೆಟ್ಟಿಗೆ. ಮನೆಗೆ ಬೀಗ ಹಾಕುವ ಮೊದಲು ದಿನವೂ ಮೂರರ ಫೋಟೋ ತೆಗೆಯುತ್ತೇನೆ. ಆಟೋ ಅರ್ಧ ದಾರಿಗೆ ಬಂದಾಗ ಎದೆ ಧಸಕ್ಕೆನ್ನುತ್ತದೆ. ಫೋನ್ ತೆಗೆದು ನೋಡುತ್ತೇನೆ. ಒಲೆ ಬಂದ್ ಇದೆ. ಸಮಾಧಾನ. ಆಟೋ ಇನ್ನೊಂದು ಸಿಗ್ನಲ್ ದಾಟುವಷ್ಟರಲ್ಲಿ ಹೊಸ ಅನುಮಾನ: ಫೋಟೋ ತೆಗೆದಾದ ಮೇಲೆ ನಾನು ಮತ್ತೆ ಚಹಾಕ್ಕೆ ಒಲೆ ಹಚ್ಚಲಿಲ್ಲ ತಾನೇ?

ನೀವು ನಗುತ್ತಿರಬಹುದು. ನಗಿ, ನನ್ನದೇನೂ ಅಭ್ಯಂತರವಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ನಾನು ಯಾರೂ ಏನೂ ಅನ್ನದಿದ್ದರೂ ದಿನಕ್ಕೆ ನಾಲ್ಕು ಸಲ ಹೆಗಲು ಮುಟ್ಟಿಕೊಳ್ಳುವವಳು. ಇದರ ಬೇರು ಹುಡುಕುತ್ತಾ ಹೋದರೆ ಕಾಲೇಜಿನಲ್ಲಿ ನಾವು ಮೂವರು ಸೇರಿ ಮಾಡಿದ ಒಂದು ಸಿನಿಮಾಕ್ಕೆ ಹೋಗಿ ನಿಲ್ಲುತ್ತದೆ. ಆದರೆ ನೆಟ್ಟಗೆ ಅಲ್ಲಿಗೆ ಹೋಗಲು ನನಗೆ ಧೈರ್ಯವಿಲ್ಲ. ಸ್ವಲ್ಪ ಸುತ್ತು ಹಾಕಿಕೊಂಡು ಹೋಗೋಣ.

ನಾನು ಹುಟ್ಟಿದ್ದು ಯಾದಗಿರಿ ಕಡೆ. ಬೆಳೆದದ್ದು ಹೈದರಾಬಾದಿನ ಗೋಡೆಯಿಲ್ಲದ ಮನೆಗಳಲ್ಲಿ. ಅಪ್ಪ ಗೌಂಡಿ, ಅವ್ವ ಅವನ ಕೈಕೆಳಗೆ ಇಟ್ಟಿಗೆ ಹೊರುವವಳು. ಕಟ್ಟಡ ಏಳುತ್ತಿರುವಷ್ಟು ದಿನ ಕೆಲಸದವರ ಸಂಸಾರವೆಲ್ಲ ಅದರೊಳಗೇ. ಗೋಡೆ ಎದ್ದು ಕಿಟಕಿ ಕೂರಿಸುವ ಹೊತ್ತಿಗೆ ನಮ್ಮ ಪಾತ್ರೆಪಗಡ ಮುಂದಿನ ಕಟ್ಟಡಕ್ಕೆ ಹೊರಡುತ್ತಿತ್ತು. ಹಾಗಾಗಿ ಕೊಂಡಾಪುರದ ಎಷ್ಟೋ ಅಪಾರ್ಟ್‌ಮೆಂಟುಗಳ ಹಾಲಿನಲ್ಲಿ ಅದರ ಮಾಲೀಕರಿಗಿಂತ ಮೊದಲು ಮಲಗಿದವಳು ನಾನು. ಈಗ ಆ ಕಡೆ ಹೋಗುವಾಗ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹೆಂಗಸರನ್ನು ಕಂಡರೆ, ಅಮ್ಮಾ, ನೀವು ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಏನೂ ಇರಲಿಲ್ಲ ಎಂದು ಕೂಗಿ ಹೇಳಬೇಕೆನಿಸುತ್ತದೆ. ನಿಜಕ್ಕೂ ಏನೂ ಇರಲಿಲ್ಲ. ನೆಲ ಮುಗಿಯುತ್ತಿತ್ತು, ಗಾಳಿ ಶುರುವಾಗುತ್ತಿತ್ತು.

ಅಪ್ಪ ಅವ್ವ ಇಬ್ಬರೂ ಕೆಲಸಕ್ಕೆ ಹೋದಾಗ ನನ್ನನ್ನು ನೋಡಿಕೊಳ್ಳುತ್ತಿದ್ದವಳು ಅತ್ತಿ, ಅಪ್ಪನ ಅಕ್ಕ. ಇಡೀ ಕೆಲಸದವರ ತಂಡಕ್ಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವ ಎರಡೂ ಕೈ ಹಿಟ್ಟಿನಲ್ಲಿ ಇರುವಾಗ ಮಗುವನ್ನು ಹಿಡಿಯುವವರು ಯಾರು? ಅದಕ್ಕೆ ಹಳೆಯ ಸೀರೆಯ ಒಂದು ತುದಿಯನ್ನು ನನ್ನ ಸೊಂಟಕ್ಕೂ ಇನ್ನೊಂದು ತುದಿಯನ್ನು ಕಂಬಕ್ಕೂ ಕಟ್ಟುತ್ತಿದ್ದಳು, ಎಮ್ಮೆಕರುವನ್ನು ಕಟ್ಟಿದ ಹಾಗೆ. ಸೀರೆ ಮುಗಿದಲ್ಲಿ ಹೊಟ್ಟೆ ಬಿಗಿಯುತ್ತಿತ್ತು. ಅಲ್ಲಿಂದ ಮುಂದೆ ಮೂರು ಹೆಜ್ಜೆಗೆ ಐದನೇ ಮಹಡಿಯ ಅಂಚು. ಇವತ್ತಿಗೂ ಯಾವುದಾದರೂ ಎತ್ತರದಲ್ಲಿ ನಿಂತರೆ ನನ್ನ ಕಾಲಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ.

ಅತ್ತಿಯ ಭಾಷೆಯ ಬಗ್ಗೆ ನಿಮಗೆ ಹೇಳಲೇಬೇಕು. ಕೆಟ್ಟದ್ದು ಅವಳ ಬಾಯಿಂದ ನೇರವಾಗಿ ಬರುವುದೇ ಇಲ್ಲ. ಕತ್ತಲಾದ ಮೇಲೆ ಹಾವಿನ ಹೆಸರೆತ್ತಬಾರದು, ಹುಳ ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಬಳೆ ಹೆಚ್ಚಿತು ಎನ್ನಬೇಕು. ಹೋಗುತ್ತೇನೆ ಎಂದರೆ ಬಾಗಿಲಿಂದ ಕರೆದು ವಾಪಸು ಕೂರಿಸಿ, ಬರ್ತೀನಿ ಎಂದು ಹೇಳಿಸಿಯೇ ಕಳಿಸುತ್ತಾಳೆ. ಇನ್ನು ದೀಪ. ದೀಪ ಆರಿಸು ಎಂದರೆ ಆ ದಿನ ಊಟವಿಲ್ಲ. ದೀಪ ದೊಡ್ಡದ ಮಾಡು, ಅಷ್ಟೇ. ಆರಿಸುವುದಕ್ಕೇ ದೊಡ್ಡದು ಮಾಡುವುದು ಎಂದು ಹೆಸರು. ಎಣ್ಣೆದೀಪಕ್ಕೆ ಹುಟ್ಟಿದ ಈ ಮಾತನ್ನು ಅತ್ತಿ ಟ್ಯೂಬ್‌ಲೈಟಿಗೂ ಬಿಡಲಿಲ್ಲ. ಮಲಗುವ ಹೊತ್ತಿಗೆ, "ಲೀಲಾ, ಆ ದೀಪ ಒಂದೀಟು ದೊಡ್ಡದ ಮಾಡವಾ, ಕಣ್ಣಿಗೆ ಚುಚ್ಚಾಕತ್ತೈತಿ" ಎನ್ನುವಳು. ನಾನು ಸ್ವಿಚ್ ಒತ್ತಿ ಕತ್ತಲು ಮಾಡುತ್ತಿದ್ದೆ. ಹೀಗೆ ಉಲ್ಟಾ ಅರ್ಥ ಮಾಡಿಕೊಳ್ಳುವುದು ನನಗೆ ಅಕ್ಷರ ಕಲಿಯುವುದಕ್ಕಿಂತ ಮೊದಲೇ ಬಂದಿತ್ತು. ಈ ಮಾತನ್ನು ದಯವಿಟ್ಟು ನೆನಪಿಡಿ. ನನಗೆ ಅದರ ಅರ್ಥ ಗೊತ್ತಿತ್ತು.

ಅತ್ತಿಯ ಗಂಡ ಕೆಲಸಕ್ಕೆಂದು ಗೋವಾ ಕಡೆ ಹೋದವನು ತಿರುಗಿ ಬರಲಿಲ್ಲ. ಇದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅತ್ತಿ ಮಾತ್ರ ಎರಡೂ ಕೈತುಂಬ ಹಸಿರು ಗಾಜಿನ ಬಳೆ ತೊಡುತ್ತಾಳೆ. ಒಂದು ಸಲ ಅವ್ವ, "ಇನ್ನಾ ಯಾಕ ಇವು" ಎಂದು ಬಾಯಿಬಿಟ್ಟಳು. ಅತ್ತಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಇನ್ನೆರಡು ಬಳೆ ಜಾಸ್ತಿ ತೊಟ್ಟುಕೊಂಡು ಬಂದಳು.

ಸರಿ, ಸಿನಿಮಾಕ್ಕೆ ಬರೋಣ. ನಾನು ಸೇರಿದ್ದು ಅನಿಮೇಷನ್ ಮತ್ತು ವಿಎಫ್‌ಎಕ್ಸ್ ಕಲಿಸುವ ಒಂದು ಕಾಲೇಜು. ಅಪ್ಪನಿಗೆ ಇದು ಏನು ಓದೆಂದು ಕೊನೆಯವರೆಗೂ ತಿಳಿಯಲಿಲ್ಲ. "ಸುಳ್ಳುಸುಳ್ಳ ತೋರಿಸೂದು" ಎಂದು ನಾನು ಹೇಳಿದ್ದೆ. "ಅದಕ್ಕ ಕಾಲೇಜ್ ಬೇಕಾ?" ಎಂದಿದ್ದ. ಕೊನೆಯ ವರ್ಷ ಎಲ್ಲರೂ ಗುಂಪುಗಳಲ್ಲಿ ಒಂದೊಂದು ವೈಜ್ಞಾನಿಕ ಕಲ್ಪನೆಯ ಚಿತ್ರ ಮಾಡಬೇಕಿತ್ತು. ನಮ್ಮ ಗುಂಪಿನಲ್ಲಿ ಮೂವರು. ಅಬಿಡ್ಸ್ ಹತ್ತಿರದ ನಸ್ರೀನ್, ಗಟ್ಟಿ ಕಂಪ್ಯೂಟರ್ ಇದ್ದವಳು ಅವಳೊಬ್ಬಳೇ. ಮಂಗಳೂರು ಕಡೆಯ ಪ್ರಜ್ವಲ್, ಕ್ಯಾಮೆರಾ ಮತ್ತು ಲೈಟು ಅವನದು. ಕಥೆ ನನ್ನದಾದ್ದರಿಂದ ನಿರ್ದೇಶಕಿ ನಾನು. ಒಲೆಗೆ ಹೆದರುವವಳು, ಲಿಫ್ಟಿಗೆ ಹೆದರುವವಳು ಆಕ್ಷನ್, ಕಟ್ ಎಂದು ಕೂಗುವವಳಾದೆ.

ಕಥೆ ಹೇಳುತ್ತೇನೆ, ನಗಬೇಡಿ. ಮುಂದೆ ಯಾವುದೋ ಕಾಲ. ಹೊಗೆ ತುಂಬಿ ಸೂರ್ಯ ಕಾಣುವುದಿಲ್ಲ. ಇದ್ದಬದ್ದ ಕರೆಂಟನ್ನೆಲ್ಲ ಯಂತ್ರಗಳೇ ಕುಡಿದುಬಿಟ್ಟಿವೆ. ಪಾಳುಬಿದ್ದ ಅಪಾರ್ಟ್‌ಮೆಂಟೊಂದರಲ್ಲಿ ಒಬ್ಬ ಮುದುಕಿ. ಅವಳ ಬಲಗೈ ಯಂತ್ರದ್ದು, ಅಂಗೈಯಲ್ಲಿ ಬೆಳಕು. ಅಕ್ಕಪಕ್ಕದವರು ಬಂದು ಬೆಳಕು ಕಡ ಒಯ್ಯುತ್ತಾರೆ. ಕೊಟ್ಟಷ್ಟೂ ಅವಳ ಆಯುಸ್ಸು ಕಡಿಮೆ. ಮುದುಕಿಯ ಪಾತ್ರ ಯಾರದೆಂದು ನಾನು ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ.

"ನಾ ಏನ್ ಮಾಡಬೇಕವಾ?" ಎಂದು ಅತ್ತಿ ಕೇಳಿದಳು.

"ಏನೂ ಮಾಡೂದಿಲ್ಲ ಅತ್ತಿ. ಕೈ ಚಾಚಿ ಸುಮ್ಕ ಕುಂಡ್ರಬೇಕು."

"ಕುಂಡ್ರೂದು ಎಂದೂ ಮಾಡಿಲ್ಲ ನೋಡು, ಕಲಿತೀನಿ" ಎಂದು ನಕ್ಕಳು.

ಮಾಯ ಮಾಡಬೇಕಾದ ಜಾಗಕ್ಕೆಲ್ಲ ಹಸಿರು ಬಟ್ಟೆ ಹಾಕಿ ಚಿತ್ರೀಕರಿಸುತ್ತಾರೆ. ಆಮೇಲೆ ಕಂಪ್ಯೂಟರು ಹಸಿರನ್ನೆಲ್ಲ ಕಿತ್ತು ಹಾಕಿ ನಮಗೆ ಬೇಕಾದ್ದನ್ನು ಕೂರಿಸಲು ಜಾಗ ಕೊಡುತ್ತದೆ. ಆ ಬಟ್ಟೆಗೆಂದು ನಸ್ರೀನ್ ಮತ್ತು ನಾನು ಬೇಗಂ ಬಜಾರಿಗೆ ಹೋದೆವು. ಅಂಗಡಿಯಾತ, "ಕಾಯ್ಕೂ ಹೋನಾ? ಶಾದೀ ಕೂ?" ಎಂದ. ಮದುವೆಗಲ್ಲ, ಪಿಕ್ಚರಿಗೆ ಎಂದಳು ನಸ್ರೀನ್. ಆತನ ಮುಖ ಅರಳಿತು. ಸಿನಿಮಾ ಎಂದ ಮೇಲೆ ಹೊಳೆಯದೆ ಇದ್ದರೆ ಹೇಗೆ? ಥಳಥಳ ಹೊಳೆಯುವ ಸ್ಯಾಟಿನ್ ತೆಗೆದು ಹರಿದೇ ಕೊಟ್ಟ. ಹೊಳೆಯುವ ಬಟ್ಟೆ ಈ ಕೆಲಸಕ್ಕೆ ನಾಲಾಯಕ್ಕು, ಅದರ ಹಸಿರು ಎದುರಿಗಿದ್ದವರ ಮೈಮೇಲೆಲ್ಲ ಬೀಳುತ್ತದೆ ಎನ್ನುವುದು ಪುಸ್ತಕದ ಮೊದಲ ಪುಟದಲ್ಲೇ ಇತ್ತು. ನಾವು ಎರಡನೇ ಪುಟದಿಂದ ಓದಿದ್ದೆವು.

ಪರೀಕ್ಷೆಗೆಂದು ಮೊದಲ ದಿನ ತೆಗೆದದ್ದನ್ನು ನಸ್ರೀನಳ ಕಂಪ್ಯೂಟರಿನಲ್ಲಿ ನೋಡಿದಾಗ ನನ್ನ ಜೀವ ಬಾಯಿಗೆ ಬಂತು. ಹಸಿರು ಬಟ್ಟೆಯ ಜೊತೆಗೆ ಅತ್ತಿಯ ಹಸಿರು ಬಳೆಗಳೂ ಮಾಯವಾಗಿದ್ದವು. ಬಳೆ ಇದ್ದಲ್ಲೆಲ್ಲ ಕೈ ತುಂಡುತುಂಡಾಗಿ, ತುಂಡುಗಳ ನಡುವೆ ಹಿಂದಿನ ಚಿತ್ರದ ಹೊಗೆ ಕಾಣುತ್ತಿತ್ತು. ನಸ್ರೀನ್ ಬಿದ್ದುಬಿದ್ದು ನಕ್ಕಳು. ನಾನು ನಗಲಿಲ್ಲ. ಅತ್ತಿಯ ಕೈಯನ್ನು ಹಾಗೆ ನೋಡಿದ್ದು ಏನೋ ಅಪಶಕುನದಂತೆ ಕಂಡು, ಆ ರಾತ್ರಿ ನಿದ್ದೆ ಬರಲಿಲ್ಲ.

ಪ್ರಜ್ವಲ್ ಮರುದಿನ ಬಹಳ ವಿನಯದಿಂದ, "ಅತ್ತೆ, ಈ ಬಳೆ ಒಂದು ಗಂಟೆ ತೆಗೆದಿಡ್ಲಿಕ್ಕೆ ಆಗ್ತದಾ?" ಎಂದ.

ಅತ್ತಿ ಅವನ ಮುಖವನ್ನೇ ನೋಡಿದಳು. "ತಮ್ಮಾ, ನಿನಗ ಗೊತ್ತಿಲ್ಲ ಅಂತ ಬಿಡ್ತೀನಿ. ಇನ್ನೊಮ್ಮಿ ಅನಬ್ಯಾಡ."

ಉಪಾಯ ಹುಡುಕಿದವಳು ನಾನೇ. ಹೇಗೂ ಬಲಗೈ ಪೂರ್ತಿ ಯಂತ್ರದ್ದಾಗಬೇಕಲ್ಲ, ಉಳಿದ ಸ್ಯಾಟಿನ್ನಿನಿಂದ ಬೆರಳಿಂದ ಮೊಣಕೈವರೆಗೂ ಬರುವ ಗವಸು ಹೊಲಿದು ಬಳೆಯ ಮೇಲೆಯೇ ತೊಡಿಸಿದರಾಯಿತು, ಎಡಗೈ ಸೆರಗಿನೊಳಗೆ ಇದ್ದರಾಯಿತು. ಗವಸನ್ನು ಹೊಲಿದವಳು ಸ್ವತಃ ಅತ್ತಿ. ಬಳೆಗೆ ತಾಗಿ ಜಾರದಿರಲಿ ಎಂದು ಒಂದಿಷ್ಟು ಬಿಗಿಯಾಗಿಯೇ ಹೊಲಿದಳು.

ಇನ್ನು ಅಂಗೈಯ ಬೆಳಕು. ಬೆಳಕಿನ ಉಂಡೆಯನ್ನು ಕಂಪ್ಯೂಟರಿನಲ್ಲಿ ಕೂರಿಸಬಹುದು, ಆದರೆ ಅದು ಮುಖದ ಮೇಲೆ ಬೀಳುವ ಬಗೆಯನ್ನು ನಮ್ಮಂಥ ಕಲಿಯುವವರಿಗೆ ಕೂರಿಸಲಾಗದು, ಅದಕ್ಕೆ ನಿಜವಾದ ದೀಪವೇ ಬೇಕು ಎಂದ ಪ್ರಜ್ವಲ್. ಅದು ಸರಿಯಾದ ಮಾತೇ. ಕಾರಿನ ಹೆಡ್‌ಲೈಟಿನ ಬಲ್ಬೊಂದನ್ನು ತಂದೆವು. ಅದನ್ನು ಸ್ಟೀಲ್ ಬಟ್ಟಲಿನಲ್ಲಿ ಕೂರಿಸಿ, ಕೆಳಗೆ ಗೋಣಿಚೀಲದ ಎರಡು ಮಡಿಕೆ ಇಟ್ಟು, ಅತ್ತಿಯ ಗವಸಿನ ಅಂಗೈಗೆ ಟೇಪು ಸುತ್ತಿದೆವು. ವೈರು ತೋಳಿನ ಕೆಳಗಿನಿಂದ ಬ್ಯಾಟರಿಗೆ. ಬೆಳಕು ಏರಿಸಿ ಇಳಿಸುವ ತಿರುಗುಬಟನ್ ಪ್ರಜ್ವಲನ ಕೈಯಲ್ಲಿ.

"ಜಲ್ತಾ ಕಿ ನೈ ಯೇ?" ಎಂದಳು ನಸ್ರೀನ್. ಇದು ಸುಡುತ್ತದೋ ಇಲ್ಲವೋ?

"ಕಡಿಮೆ ಇಟ್ಟರೆ ಎಂತ ಆಗುದಿಲ್ಲ ಮಾರಾಯ್ತಿ" ಎಂದ ಪ್ರಜ್ವಲ್.

ಇಡೀ ಜನ್ಮ ಇಲ್ಲಸಲ್ಲದ್ದಕ್ಕೆಲ್ಲ ಹೆದರಿದ ನಾನು ಅವತ್ತು ಹೆದರಲಿಲ್ಲ. ಹೆದರಲೇಬೇಕಾದ ಒಂದೇ ಒಂದು ದಿನ ನನ್ನ ಹೆದರಿಕೆ ರಜೆ ಹಾಕಿತ್ತು.

ಅಪ್ಪ ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ಭಾನುವಾರ ಕೆಲಸ ಇರಲಿಲ್ಲ. ಎರಡನೇ ಮಹಡಿಯ ಹಾಲಿಗೆ ತಾಡಪತ್ರಿ ಕಟ್ಟಿ ಮಟಮಟ ಮಧ್ಯಾಹ್ನವನ್ನು ಕತ್ತಲು ಮಾಡಿದೆವು. ಅತ್ತಿಯ ಗವಸಿನ ಮೇಲೆ ಪ್ರಜ್ವಲ್ ಅಲ್ಲಲ್ಲಿ ಕಪ್ಪು ಚುಕ್ಕೆ ಅಂಟಿಸಿದ. ಯಂತ್ರದ ಕೈಯನ್ನು ಅವುಗಳ ಅಳತೆಗೆ ಕೂರಿಸಬೇಕು, ಅದಕ್ಕೆ ಕೈ ಅಲುಗಬಾರದು. ನಾನು ಅತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಗುವಿಗೆ ಹೇಳಿದಂತೆ ಹೇಳಿದೆ.

"ಅತ್ತಿ, ನಾ ಕಟ್ ಅನ್ನೂತನಕ ಕೈ ಅಲ್ಲಾಡಬಾರದು. ಏನಾದ್ರೂ ಆಗಲಿ."

"ಕಲ್ಲಾಗಿ ಕುಂಡ್ರತೀನಿ ತಗೋ. ನೀ ಅದಿಯಲ್ಲ."

ಎಂಟು ಸಲ ತೆಗೆದೆವು. ಎಂಟು ಸಲವೂ ಮುಖ ಮಂಕು. ಬೆಳಕು ಮುಖದವರೆಗೆ ಏರುತ್ತಲೇ ಇರಲಿಲ್ಲ. ಬಲ್ಬನ್ನು ನಡುನಡುವೆ ತಣ್ಣಗಾಗಲು ಬಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಒಂಬತ್ತನೆಯ ಸಲ ಅತ್ತಿ ಕೈ ಚಾಚಿ ತನ್ನ ಮಾತು ಹೇಳಿದಳು, "ಬರ್ರಿ, ಬೆಳಕು ಒಯ್ಯಿರಿ." ಆಮೇಲೆ ಬೇರೆಯದೇ ದನಿಯಲ್ಲಿ, ಮೆಲ್ಲಗೆ, "ಯಪ್ಪಾ, ದೀಪ ದೊಡ್ಡದ ಮಾಡ" ಎಂದಳು. ಪ್ರಜ್ವಲನ ಊರಲ್ಲಿ, ಅವನ ಮನೆಯಲ್ಲಿ ಈ ಮಾತಿಲ್ಲ. ಮುದುಕಿ ಪಾತ್ರದಲ್ಲಿ ಮುಳುಗಿ ಬೆಳಕು ಇನ್ನಷ್ಟು ಬೇಕೆಂದು ಕೇಳುತ್ತಿದ್ದಾಳೆ ಎಂದುಕೊಂಡ. ನಮಗೂ ಅದೇ ಬೇಕಿತ್ತಲ್ಲ. ಬಟನನ್ನು ಏರಿಸಿದ. ಅತ್ತಿ ಇನ್ನೂ ಗಟ್ಟಿಯಾಗಿ, "ದೊಡ್ಡದ ಮಾಡಪಾ, ದೊಡ್ಡದ ಮಾಡ!" ಎಂದಳು. ಅವನು ಪೂರ್ತಿ ಏರಿಸಿದ.

ನನ್ನ ಎದುರಿಗೆ ಸಣ್ಣ ಪರದೆಯಲ್ಲಿ ಅತ್ತಿಯ ಮುಖ ಹೊತ್ತಿಕೊಂಡಿತು. ಗಲ್ಲದ ಸುಕ್ಕು, ಹಣೆಯ ಹಚ್ಚೆ, ಕಣ್ಣೊಳಗಿನ ನೀರಿನ ಪದರ, ಎಲ್ಲಾ ಬಂಗಾರದ ಬೆಳಕಿನಲ್ಲಿ. ಬೆಳಿಗ್ಗೆಯಿಂದ ನಾನು ಕಾಯುತ್ತಿದ್ದ ಬೆಳಕು ಅದು. ಆಮೇಲೆ ಗವಸಿನ ಅಂಚಿನಿಂದ ಹೊಗೆ ಬಂತು. ನಾನು ಕಟ್ ಎಂದು ಕಿರುಚಿ ಓಡಿದೆ. ಟೇಪು ಕಿತ್ತೆ, ಬಟ್ಟಲು ಎಳೆದೆ. ಸ್ಯಾಟಿನ್ ಹತ್ತಿಯಂತೆ ಸುಟ್ಟು ಬೂದಿಯಾಗುವ ಬಟ್ಟೆಯಲ್ಲ. ಕರಗಿ ಅಂಟುತ್ತದೆ. ಅದು ಅತ್ತಿಯ ಅಂಗೈಗೆ, ಎರಡು ಬೆರಳುಗಳಿಗೆ ಅಂಟಿಬಿಟ್ಟಿತ್ತು. ಅಷ್ಟಾದರೂ ಅವಳು ಕೈ ಚಾಚಿದಂತೆಯೇ ಕೂತಿದ್ದಳು. "ಬಿಡ್ಲಾ ಯವ್ವಾ? ಈಗ ಬಿಡ್ಲಾ?" ಎಂದು ನನ್ನನ್ನು ಕೇಳಿದಳು.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕೈ ಬಾತು ಬಳೆಗಳು ಮಾಂಸದಲ್ಲಿ ಹೂತಿದ್ದವು. ನರ್ಸಮ್ಮ ತೆಲುಗಿನಲ್ಲಿ, "ಗಾಜುಲು ತೀಯಾಲಮ್ಮಾ" ಎಂದಳು, ಬಳೆ ತೆಗೆಯಲೇಬೇಕು. ಜಾರಿಸಿ ತೆಗೆಯುವಂತಿರಲಿಲ್ಲ. ಅತ್ತಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅವಳ ಕೈಯನ್ನು ಹಿಡಿದುಕೊಂಡವಳು ನಾನು. ಒಂದೊಂದೇ ಚಿಟಕ್ಕೆನ್ನುವ ಸದ್ದು.

"ಎಷ್ಟು ಹೆಚ್ಚಿದವು?" ಎಂದು ಗೋಡೆಗೆ ಮುಖ ಮಾಡಿಯೇ ಕೇಳಿದಳು.

"ಎಂಟು ಹೆಚ್ಚಿದವು ಅತ್ತಿ."

"ಹೂಂ" ಎಂದಳು. ಆಮೇಲೆ ಡಾಕ್ಟರು ಏನಾಯಿತೆಂದು ಕೇಳಿದಾಗ, ನಾವು ಮೂವರು ಗೋಡೆಗೆ ಆತು ನಡುಗುತ್ತಿರುವುದನ್ನು ನೋಡಿ, ರೊಟ್ಟಿ ಸುಡುವಾಗ ಸುಟ್ಟುಕೊಂಡೆ ಎಂದಳು. ಕೆಟ್ಟ ಮಾತು ಆಡದವಳು ನಮಗಾಗಿ ಸುಳ್ಳು ಆಡಿದಳು.

ಸಂಜೆ ಅಪ್ಪ ಕೇಳಿದ. "ದೊಡ್ಡದ ಮಾಡ ಅಂತ ಒದರಿದ್ಲಂತ. ಆ ಹುಡುಗಗ ತಿಳೀಲಿಲ್ಲ, ಬಿಡು. ನಿನಗೂ ಕೇಳಿಸಲಿಲ್ಲಾ?"

"ಇಲ್ಲ ಅಪ್ಪ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡಿದ್ದೆ."

ಅಪ್ಪ ತಲೆಯಾಡಿಸಿದ. ಸೆಟ್ಟಿನಲ್ಲಿ ಹೆಡ್‌ಫೋನ್ ಹಾಕಿಕೊಳ್ಳುವುದೇ ಚೆನ್ನಾಗಿ ಕೇಳಿಸಲಿ ಎಂದು. ಅತ್ತಿಯ ರವಿಕೆಗೆ ಸಿಕ್ಕಿಸಿದ್ದ ಮೈಕಿನಿಂದ ಅವಳ ಉಸಿರು ಕೂಡ ನನ್ನ ಕಿವಿಯಲ್ಲಿತ್ತು. ಗೌಂಡಿಯಾದ ನನ್ನ ಅಪ್ಪನಿಗೆ ಅದು ಗೊತ್ತಿರಲಿಲ್ಲ. ಪ್ರಜ್ವಲನಿಗೆ ಗೊತ್ತಿರಬೇಕಿತ್ತು. ಆದರೆ ಅವನು ತನ್ನನ್ನೇ ಬೈದುಕೊಳ್ಳುವುದರಲ್ಲಿ ಬೇರೆ ಏನನ್ನೂ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.

ಸಿನಿಮಾ ನಿಲ್ಲಿಸಬೇಕಿತ್ತು. ನಿಲ್ಲಿಸೋಣ ಎಂದು ಪ್ರಜ್ವಲ್ ಅತ್ತ. ಅತ್ತಿಯೇ ಬಿಡಲಿಲ್ಲ. "ನನ್ನ ಕೈ ಹೋಗೇತಿ, ಇನ್ನ ಸಿನಿಮಾನೂ ಹೋದ್ರ ಹ್ಯಾಂಗ?" ಎಂದಳು. ಸ್ಯಾಟಿನ್ನಿನ ಹೊಳಪಿನಿಂದಾಗಿ ಕಂಪ್ಯೂಟರಿಗೆ ಗವಸು ಯಾವುದು ಮೈ ಯಾವುದು ಗೊತ್ತಾಗಲಿಲ್ಲ. ಅಂಥ ಕಡೆ ಪ್ರತಿ ಚಿತ್ರದಲ್ಲೂ ಕೈಯ ಅಂಚನ್ನು ಮನುಷ್ಯರೇ ಗೆರೆ ಎಳೆದು ಕತ್ತರಿಸಬೇಕು. ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ. ಅವುಗಳಿಗೆ ಫ್ರೇಮು ಎನ್ನುತ್ತಾರೆ. ಆ ಕೆಲಸವನ್ನು ನಾನು ಹಟ ಮಾಡಿ ತೆಗೆದುಕೊಂಡೆ. ಬೇರೆ ಯಾರೂ ಆ ದೃಶ್ಯವನ್ನು ಅಷ್ಟು ಹತ್ತಿರದಿಂದ ನೋಡುವುದು ನನಗೆ ಬೇಕಿರಲಿಲ್ಲ.

ಅಲ್ಲಿ ನನಗೆ ಲೆಕ್ಕ ಸಿಕ್ಕಿತು. ಅತ್ತಿ ಮೊದಲ ಸಲ ದೊಡ್ಡದ ಮಾಡ ಎಂದು ಬಾಯಿ ಮುಚ್ಚಿದ ಫ್ರೇಮಿನಿಂದ ನನ್ನ ಕಟ್ ಕೇಳಿಸುವ ಫ್ರೇಮಿನವರೆಗೆ ಎಪ್ಪತ್ತೊಂದು. ಗೆರೆ ಎಳೆಯುತ್ತಾ ಹೋದಂತೆ ಬೆಳಕು ಏರುತ್ತದೆ. ಎಲ್ಲೋ ನಡುವೆ ಅತ್ತಿಯ ಹುಬ್ಬು ಕೂಡುತ್ತದೆ. ಐವತ್ತರ ಸುಮಾರಿಗೆ ಅವಳ ಕಣ್ಣು ದೀಪದಿಂದ ಸರಿದು, ಕ್ಯಾಮೆರಾದ ಪಕ್ಕಕ್ಕೆ, ನಾನು ಕೂತಿದ್ದ ಜಾಗಕ್ಕೆ ಬರುತ್ತದೆ. ಆಮೇಲೆ ಎತ್ತಲೂ ಹೋಗುವುದಿಲ್ಲ. ಒಂದೊಂದು ಫ್ರೇಮಿನಲ್ಲೂ ಅವಳು ನನ್ನನ್ನು ನೋಡುತ್ತಿದ್ದಳು, ನಾನು ಅವಳ ಕೈ ಕತ್ತರಿಸುತ್ತಿದ್ದೆ.

ಆ ಎಪ್ಪತ್ತೊಂದು ಫ್ರೇಮುಗಳಲ್ಲಿ ನಾನು ಏನು ಮಾಡುತ್ತಿದ್ದೆ? ನಿಮಗೆ ಹೇಳಿಬಿಡುತ್ತೇನೆ. ಮಾತು ಕಿವಿಗೆ ಬಿದ್ದಾಗಲೇ ಅರ್ಥವಾಯಿತು. ಆ ಮಾತು ಉಲ್ಟಾ ಎಂದು ತಿಳಿಯಲು ನನಗೆ ಅರೆಗಳಿಗೆಯೂ ಬೇಡ. ಅದೇ ಗಳಿಗೆಯಲ್ಲಿ ಮುಖಕ್ಕೆ ಬೆಳಕು ಬಂತು. ಇನ್ನೊಂದು ಚೂರು ಇರಲಿ ಎಂದುಕೊಂಡೆ. ಬೇರೆ ಏನೂ ಇಲ್ಲ. ಅಂಚಿನಲ್ಲಿ ಬೀಳದ ಹಾಗೆ ಸೀರೆ ಕಟ್ಟಿ ನನ್ನನ್ನು ಸಾಕಿದ ಕೈ ಸುಡುತ್ತಿದೆ ಎಂದು ಗೊತ್ತಿದ್ದೂ, ಇನ್ನೊಂದು ಚೂರು ಇರಲಿ ಎಂದುಕೊಂಡೆ. ಒಲೆಗೆ, ಸ್ವಿಚ್ಚಿಗೆ ಹೆದರುತ್ತೇನೆ ಎಂದು ಜನ ಆಡಿಕೊಳ್ಳುತ್ತಾರೆ. ನಾನು ಹೆದರುವುದು ಅವಕ್ಕಲ್ಲ. ಆ ಇನ್ನೊಂದು ಚೂರು ಇರಲಿ ಎಂದವಳು ಇನ್ನೂ ನನ್ನೊಳಗೇ ಇದ್ದಾಳೆ.

ಸಿನಿಮಾ ತೋರಿಸಿದ ದಿನ ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಮುದುಕಿ ಕೊನೆಯಲ್ಲಿ ನೋಡುವ ನೋಟ ಅದ್ಭುತ ಎಂದರು. ಅತ್ತಿ ಕೂಗಿದ್ದ ಮಾತನ್ನು ನಾನು ಅಳಿಸಿ ಅಲ್ಲಿ ಗಾಳಿಯ ಸದ್ದು ಕೂರಿಸಿದ್ದೆ. ಅತ್ತಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ತನ್ನ ಯಂತ್ರದ ಕೈ ಕಂಡು, "ಇದ ಛಲೋ ಐತಿ, ಸುಟ್ರ ಹತ್ತಂಗಿಲ್ಲ" ಎಂದು ಜೋಕು ಮಾಡಿದಳು. ಪಕ್ಕದಲ್ಲಿ ಕೂತವರಿಗೆ ನನ್ನನ್ನು ತೋರಿಸಿ, "ನಮ್ಮ ಲೀಲಾ ಓಡಿಬಂದು ಕಿತ್ತಳು, ಇಲ್ಲಂದ್ರ ಪೂರಾ ಕೈ ಹೋಗತಿತ್ತು" ಎಂದಳು. ಅಲ್ಲಿಂದ ಮುಂದೆ ಆ ಮಾತು ಅವಳ ಕಾಯಂ ಮಾತಾಯಿತು. ರೊಟ್ಟಿ ಒಯ್ಯಲು ಬಂದವರಿಗೆಲ್ಲ ಹೇಳುವಳು.

ಈಗ ನಾನು ಕೊಂಡಾಪುರದ ಒಂದು ಸ್ಟುಡಿಯೋದಲ್ಲಿ ಬೇರೆಯವರ ಸಿನಿಮಾಗಳಿಂದ ಬೇಡದ್ದನ್ನು ಅಳಿಸುವ ಕೆಲಸ ಮಾಡುತ್ತೇನೆ. ಹೀರೋ ಹಾರಿದರೆ ಅವನ ಸೊಂಟದ ಹಗ್ಗ ಅಳಿಸುವವಳು ನಾನು. ಚೆನ್ನಾಗಿ ಮಾಡಿದರೆ ನಾನು ಮಾಡಿದ್ದು ಯಾರಿಗೂ ಕಾಣುವುದಿಲ್ಲ. ಅತ್ತಿ ಅಲ್ಲೇ ಒಂದು ಗಲ್ಲಿಯಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದಾಳೆ. ಆಫೀಸಿನ ಕನ್ನಡದ ಹುಡುಗರು ಮಧ್ಯಾಹ್ನ ಸಾಲುಗಟ್ಟುತ್ತಾರೆ. ಅತ್ತಿಯ ಬಲಗೈಯ ಎರಡು ಬೆರಳು ಪೂರ್ತಿ ಮಡಿಚುವುದಿಲ್ಲ. ಮೊದಲು ತಾಸಿಗೆ ಅರವತ್ತು ರೊಟ್ಟಿ ಬಡಿಯುತ್ತಿದ್ದವಳು ಈಗ ಅದರ ಅರ್ಧ ಬಡಿದರೆ ಹೆಚ್ಚು, ಒಂದು ಕಡೆ ದಪ್ಪ ಉಳಿಯುತ್ತದೆ. ಪ್ರಜ್ವಲ್ ತಿಂಗಳಿಗೊಮ್ಮೆಯಾದರೂ ಬರುತ್ತಾನೆ. ಬಂದಾಗಲೆಲ್ಲ ಆ ದಪ್ಪ ರೊಟ್ಟಿಯನ್ನೇ ಕೇಳಿ ತಿನ್ನುತ್ತಾನೆ.

ಹೋದ ತಿಂಗಳು ಮದುವೆ ಕಾಗದ ಹಿಡಿದು ಬಂದ. ಊಟದ ಗದ್ದಲ ಮುಗಿದಿತ್ತು. ನಾನೂ ಅಲ್ಲೇ ಇದ್ದೆ. ಹುಡುಗಿ ಧಾರವಾಡದವಳು. ಅತ್ತಿ ಕಾಗದವನ್ನು ಎಡಗೈಯಿಂದ ಕಣ್ಣಿಗೊತ್ತಿಕೊಂಡು ಅವನ ಮುಂದಿಟ್ಟಳು. ಅವನು ಮಾತ್ರ ನಗಲಿಲ್ಲ.

"ಅತ್ತೆ, ಮದುವೆ ಆಗ್ತದೋ ಇಲ್ವೋ ಗೊತ್ತಿಲ್ಲ. ಹೋದ ವಾರ ಅವರ ಮನೆಗೆ ಹೋಗಿದ್ದೆ. ಅವಳ ಅಜ್ಜಿ ನನ್ನ ಹತ್ರ, ದೀಪ ದೊಡ್ಡದು ಮಾಡಪ್ಪ ಅಂದ್ರು. ಎದ್ದು ಹೊರಗೆ ಬಂದುಬಿಟ್ಟೆ. ಆಮೇಲೆ ಅವಳಿಗೆ ಎಲ್ಲಾ ಹೇಳಿದೆ. ಭಾಷೆ ಗೊತ್ತಿಲ್ಲದೆ ಒಬ್ರ ಕೈ ಸುಟ್ಟವ ನಾನು, ಯೋಚಿಸಿ ನೋಡು ಅಂತ."

"ಹುಚ್ಚಪ್ಪ! ಎಂಟ ವರ್ಷ ಆತು. ನಿನಗ ತಿಳಿದಿದ್ದಿಲ್ಲ. ತಿಳಿದಿದ್ರ ಮಾಡತಿದ್ದೀ ಏನು?"

ಅತ್ತಿ ಹಿಟ್ಟು ನಾದುತ್ತಾ ಸಹಜವಾಗಿ ಆಡಿದ ಮಾತು ಅದು. ಪ್ರಜ್ವಲನ ಬೆರಳುಗಳು ಮದುವೆ ಕಾಗದದ ಅಂಚನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದವು. ಬೆವೆತ ಕೈಗೆ ಅದರ ಅರಿಶಿನ ಬಳಿದುಕೊಂಡಿತ್ತು. ಇಷ್ಟು ವರ್ಷ ನಾನು ಅವನ ಹೆಗಲ ಮೇಲೆ ಕೂತು ಬಂದಿದ್ದೆ.

"ಪ್ರಜ್ವಲ್, ನನಗೆ ಕೇಳಿಸಿತ್ತು" ಎಂದೆ. ನನ್ನ ದನಿ ನನ್ನದೆಂದು ನನಗೇ ಅನಿಸಲಿಲ್ಲ. "ಅರ್ಥವೂ ಆಗಿತ್ತು. ಬೆಳಕು ಚೆನ್ನಾಗಿ ಬಂದಿತ್ತು, ಅದಕ್ಕೆ ಕಟ್ ಅನ್ನಲಿಲ್ಲ."

ಅವನು ತಲೆ ಎತ್ತಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ನಮ್ಮ ಕಸುಬಿನವನಲ್ಲವೇ, ಕಸುಬಿನವರು ಕೇಳುವುದನ್ನೇ ಕೇಳಿದ.

"ಎಷ್ಟು ಫ್ರೇಮು?"

"ಎಪ್ಪತ್ತೊಂದು."

ಅತ್ತಿಯ ಕೈ ನಿಂತಿತು. ಒಲೆಯ ಮೇಲೆ ಒಂದು ರೊಟ್ಟಿ ಬೇಯುತ್ತಿತ್ತು. "ಹಂಗಂದ್ರ ಎಷ್ಟು ಹೊತ್ತು?" ಎಂದಳು. ನನ್ನನ್ನೇ ಕೇಳಿದ್ದು.

"ಮೂರು ಸೆಕೆಂಡ್ ಅತ್ತೆ" ಎಂದ ಪ್ರಜ್ವಲ್, ನೆಲ ನೋಡುತ್ತಾ. "ಒಂದು ಫ್ರೇಮು ಕಡಿಮೆ."

"ನನಗ ಸೆಕೆಂಡ್ ಗಿಕೆಂಡ್ ತಿಳಿಯಂಗಿಲ್ಲಪಾ. ಎಣಿಸಿ ತೋರ್ಸು."

ಅವನು ನನ್ನ ಕಡೆ ನೋಡಿದ. ಆಮೇಲೆ ಎಣಿಸಿದ. "ಒಂದು." ಅತ್ತಿ ನನ್ನ ಮುಖದ ಮೇಲಿಟ್ಟ ಕಣ್ಣು ಕೀಳಲಿಲ್ಲ. "ಎರಡು." ರೊಟ್ಟಿ ಸೀಯುವ ವಾಸನೆ ಬಂತು. ಯಾರೂ ಅದನ್ನು ತಿರುವಿ ಹಾಕಲಿಲ್ಲ. "ಮೂರು."

"ಭಾಳ ಹೊತ್ತು ಆತಲ್ಲವಾ ಲೀಲಾ" ಎಂದಳು ಅತ್ತಿ.